ಗಂಗಾತೀರದ ಕಥೆಗಳು ಮತ್ತು ವಿಮರ್ಶೆಯ ಇಬ್ಬಗೆಯ ಮಾನದಂಡ

ಒಂದೇ ನಡತೆಯನ್ನು ಗಂಡಿಗೊಂದು, ಹೆಣ್ಣಿಗೊಂದು ಅಳತೆಗೋಲಿನಿಂದ ಅಳೆಯುವುದು ನಮ್ಮ ಜನಪ್ರಿಯ ಚಲನಚಿತ್ರಗಳ ಹಳೆಯ ರೂಢಿ. ಇದನ್ನು ಗುರುತಿಸಬೇಕಾದ ವಿಮರ್ಶೆಯೂ ಜನಪ್ರಿಯ ಚಿತ್ರಕ್ಕೊಂದು, ಕಲಾತ್ಮಕ ಚಿತ್ರಕ್ಕೊಂದು ಮಾನದಂಡವನ್ನು ಇರಿಸಿಕೊಂಡಿರುವುದುಂಟು. ವಾರಾಣಸಿಗೆ ಸಂಬಂಧಿಸಿದ ಎರಡು ಚಿತ್ರಗಳನ್ನು ಎರಡು ಕನ್ನಡ ಚಿತ್ರಗಳೊಂದಿಗೆ ಇರಿಸಿ ಈ ಸಮಸ್ಯೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಜ್ ಕಪೂರ್ ನಿರ್ದೇಶನದ ‘ರಾಮ್ ತೇರಿ ಗಂಗಾ ಮೈಲಿ’ (1985) ಚಿತ್ರದ ನಾಯಕಿ ಗಂಗಾ, ಹಿಮಾಲಯದಿಂದ ಕೂಸನ್ನೆತ್ತಿಕೊಂಡು ಗಂಡನನ್ನರಸಿ ಹೊರಟು, ಬನಾರಸಿನ ವೇಶ್ಯಾಗೃಹಕ್ಕೆ ಸಿಲುಕುತ್ತಾಳೆ. ನದಿ ಕೊಳೆಯಾದದ್ದು ಪಾಪಿಗಳ ಪಾಪದಿಂದ ಎಂಬುದು ಕಥೆಯ ನೀತಿ. ಆದರೆ ಆ ಪಾಪವನ್ನು ಖಂಡಿಸುವ ಚಿತ್ರವೇ ನಾಯಕಿಯ ತೊಯ್ದ ಮೈಯನ್ನು ಪ್ರೇಕ್ಷಕರ ಕಣ್ಣಿಗೆ ಒಡ್ಡುತ್ತದೆ. ನೀತಿಗೂ ನೋಟಕ್ಕೂ ನಡುವಿನ ಈ ಬಿರುಕು ಚಿತ್ರದ ಅಪಾರ ಯಶಸ್ಸಿಗೆ ಅಡ್ಡಿಯಾಗಲಿಲ್ಲ.

ದೀಪಾ ಮೆಹ್ತಾ ಅವರ ‘ವಾಟರ್’ ಚಿತ್ರದ ಗತಿಯೇ ಬೇರೆ. 1938ರ ಕಾಶಿಯ ವಿಧವಾಶ್ರಮದ ಈ ಕಥೆಯಲ್ಲಿ ಉಳಿದವರಿಗೆಲ್ಲ ಕೇಶಮುಂಡನವಾಗಿದ್ದರೆ, ಕಲ್ಯಾಣಿ ಎಂಬ ತರುಣ ವಿಧವೆಯ ಕೂದಲನ್ನು ಮಾತ್ರ ಉಳಿಸಲಾಗಿದೆ. ಏಕೆಂದರೆ ಅವಳನ್ನು ರಾತ್ರಿ ದೋಣಿಯಲ್ಲಿ ಹೊಳೆ ದಾಟಿಸಿ ಧನಿಕರ ಮನೆಗೆ ಕಳುಹಿಸಬೇಕಾಗಿದೆ. ವಿಧವೆಗೆ ವಿಧಿಸಿದ ಕಟ್ಟಳೆ ಗಂಡಿನ ಅನುಕೂಲಕ್ಕೆ ತಕ್ಕಂತೆ ಸಡಿಲವಾಗುವುದೇ ಚಿತ್ರದ ಕೇಂದ್ರವಸ್ತು. ಕೇಂದ್ರ ಸರ್ಕಾರದ ಅನುಮತಿಯಿದ್ದರೂ 2000ದ ಆರಂಭದಲ್ಲಿ ವಾರಾಣಸಿಯ ಘಾಟಿನಲ್ಲಿ ಪ್ರತಿಭಟನಕಾರರು ಅದರ ಸೆಟ್ಟನ್ನು ನಾಶಪಡಿಸಿದರು. ರಾಜ್ಯ ಸರ್ಕಾರ ಚಿತ್ರೀಕರಣವನ್ನು ನಿಲ್ಲಿಸಿತು. ಕೊನೆಗೆ ಬೇರೆ ನಟವರ್ಗದೊಡನೆ ಶ್ರೀಲಂಕಾದಲ್ಲಿ ತಯಾರಾದ ಚಿತ್ರವು 2005ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿ, 2007ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಕಾಶಿಯ ವಿಧವೆಯರ ಕಥೆಗೆ ಕಾಶಿಯಲ್ಲಿಯೇ ನೆಲೆ ದೊರೆಯಲಿಲ್ಲ.

ಕನ್ನಡದಲ್ಲಿಯೂ ಈ ವಸ್ತು ಹೊಸದಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ ಜನಪ್ರಿಯ ಚಿತ್ರ. ಹೆರಿಗೆಯ ನಂತರ ಮಾನಸಿಕ ರೋಗಕ್ಕೆ ತುತ್ತಾಗಿ ಗುಣಮುಖಳಾದ ಕಾವೇರಿಯನ್ನು ಆಕೆಯ ಪೂರ್ವಜೀವನದ ಒಂದು ಘಟನೆ ಬೆನ್ನಟ್ಟುತ್ತದೆ; ಗಂಡನ ವರ್ತಮಾನದ ಪರಸ್ತ್ರೀಸಂಗವನ್ನು ಮಾತ್ರ ಸಮಾಜ ಪ್ರಶ್ನಿಸುವುದಿಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಕಲಾತ್ಮಕ ಚಿತ್ರ. ಅಲ್ಲಿ ಗರ್ಭಿಣಿಯಾದ ವಿಧವೆ ಯಮುನೆ ಬಹಿಷ್ಕೃತಳಾಗುತ್ತಾಳೆ. ಅವಳ ಘಟಶ್ರಾದ್ಧ ನೆರವೇರಿಸಿದ ವೃದ್ಧ ತಂದೆ ಎಳೆಯ ಹುಡುಗಿಯನ್ನು ಮದುವೆಯಾಗಲು ಸಿದ್ಧನಾಗುತ್ತಾನೆ. ಎರಡೂ ಚಿತ್ರಗಳು ಕಂಡದ್ದು ಒಂದೇ ಅನ್ಯಾಯವನ್ನು. ಆದರೂ ಎರಡನೆಯದನ್ನು ಸಾಮಾಜಿಕ ವಿಶ್ಲೇಷಣೆಯೆಂದು ಓದುವ ನಾವು, ಮೊದಲನೆಯದರ ಮಾತು ಬಂದಾಗ ಕಲ್ಪನಾ ಅವರ ಅಭಿನಯದ ಪ್ರಶಂಸೆಯಲ್ಲಿಯೇ ನಿಂತುಬಿಡುತ್ತೇವೆ.

ವಿಮರ್ಶೆಯ ಇಬ್ಬಗೆ ಇರುವುದು ಇಲ್ಲಿ. ಜನಪ್ರಿಯ ಚಿತ್ರವನ್ನು ‘ಮನರಂಜನೆ’ ಎಂದು ಕರೆದೊಡನೆ ಅದರ ತಪ್ಪಿಗೆ ಕ್ಷಮೆ ದೊರೆಯುತ್ತದೆ. ಅದರ ಒಳನೋಟಕ್ಕೆ ಮನ್ನಣೆ ತಪ್ಪುತ್ತದೆ. ‘ವಾಟರ್’ ಯಾರಿಗಾಗಿ ತಯಾರಾಯಿತು, ವೈಧವ್ಯದ ದುಃಖವನ್ನು ಅದು ಸುಂದರ ದೃಶ್ಯವಾಗಿಸಿತೆ ಎಂಬ ಪ್ರಶ್ನೆಗಳು ನ್ಯಾಯವಾದವುಗಳೇ. ಅವೇ ಪ್ರಶ್ನೆಗಳನ್ನು ರಾಜ್ ಕಪೂರರ ಚಿತ್ರಕ್ಕೂ ಅಷ್ಟೇ ನಿಷ್ಠುರವಾಗಿ ಕೇಳಬೇಕು.

ಆದುದರಿಂದ ಯಾವುದೇ ಚಿತ್ರದ ಮುಂದೆ ಮೂರು ಪ್ರಶ್ನೆಗಳನ್ನು ಇಡಬಹುದು. ತಪ್ಪು ಯಾರದು, ಶಿಕ್ಷೆ ಯಾರಿಗೆ? ಕ್ಯಾಮೆರಾ ಯಾರ ಪರವಾಗಿ ನೋಡುತ್ತದೆ? ಕಥೆ ಖಂಡಿಸಿದ್ದನ್ನೇ ದೃಶ್ಯ ಉಣಬಡಿಸುತ್ತದೆಯೆ? ಈ ಅಳತೆಯಲ್ಲಿ ‘ಶರಪಂಜರ’ವು ‘ಘಟಶ್ರಾದ್ಧ’ದ ಬಳಿಗೆ ಬರುತ್ತದೆ, ‘ರಾಮ್ ತೇರಿ ಗಂಗಾ ಮೈಲಿ’ ತನ್ನ ನೀತಿಯಿಂದಲೇ ದೂರ ಸರಿಯುತ್ತದೆ. ಕನ್ನಡ ಚಿತ್ರಗಳನ್ನು ಇತರ ಭಾಷೆಯ ಚಿತ್ರಗಳೊಡನೆ ತೌಲನಿಕವಾಗಿ ಅಭ್ಯಸಿಸುವ ಹೊರನಾಡಿನ ಸಂಶೋಧಕರು ಜನಪ್ರಿಯ, ಕಲಾತ್ಮಕ ಎಂಬ ವರ್ಗೀಕರಣವನ್ನು ತೀರ್ಪಿನ ಅನಂತರಕ್ಕೆ ಇರಿಸಿಕೊಳ್ಳುವುದು ಲೇಸು.