ಕೇಕಿಗಿಂತ ಮೊದಲು ಊಟ ಬಡಿಸಿ

ದೊಡ್ಡಬಳ್ಳಾಪುರದಲ್ಲಿ ಮಗುವಿನ ಮೊದಲ ವರ್ಷದ ಹುಟ್ಟುಹಬ್ಬವೆಂದರೆ ಈಗ ಸಣ್ಣ ಮದುವೆಯಷ್ಟೇ ಕೆಲಸ. ಹಾಲ್, ಬಲೂನಿನ ಕಮಾನು, ಫ್ಲೆಕ್ಸ್ ಎಲ್ಲಕ್ಕೂ ಮುಂಚೆಯೇ ಅಡ್ವಾನ್ಸ್ ಹೋಗಿರುತ್ತದೆ. ಅಡುಗೆ ಆರ್ಡರ್ ಕೊಡಲು ನನ್ನ ಹತ್ತಿರ ಬರುವುದು ಕೊನೆಗೆ. "ಮಕ್ಕಳ ಫಂಕ್ಷನ್ ಅಲ್ವಾ ಅಕ್ಕಾ, ಕೇಕು, ಚಿಪ್ಸು, ಸಮೋಸ ಸಾಕು. ದೊಡ್ಡೋರಿಗೆ ಏನಾದ್ರೂ ಸಿಂಪಲ್ಲಾಗಿ ಮಾಡ್ಬಿಡಿ" ಅನ್ನುತ್ತಾರೆ. ಕರೆದವರ ಪಟ್ಟಿ ಬರೆಸಿ ನೋಡಿದರೆ ಮುಕ್ಕಾಲು ಪಾಲು ದೊಡ್ಡವರೇ ಇರುತ್ತಾರೆ. ಒಂದು ವರ್ಷದ ಕೂಸು ತಿನ್ನುವುದು ಎರಡು ಚಮಚ ಸರಿ ಅಷ್ಟೆ.

ಆ ದೊಡ್ಡವರು ಎಲ್ಲಿಂದ ಬರುತ್ತಾರೆ ನೋಡಿ. ಮಗ್ಗ ನಿಲ್ಲಿಸಿ ಬರುವವರು, ಅಪಾರೆಲ್ ಪಾರ್ಕಿನ ಗಾರ್ಮೆಂಟ್ಸ್ ಬಸ್ಸಿಂದ ಇಳಿದು ಮುಖ ತೊಳೆದು ಸೀರೆ ಬದಲಿಸಿ ಬರುವ ಹೆಣ್ಣುಮಕ್ಕಳು, ದೇವನಹಳ್ಳಿ ಏರ್‌ಪೋರ್ಟಿಗೆ ರಾತ್ರಿ ಪಾಳಿಗೆ ಹೊರಡಬೇಕಾದವರು, ಹಳ್ಳಿಯಿಂದ ಬಂದ ಅಜ್ಜ ಅಜ್ಜಿಯರು. ಮಧ್ಯಾಹ್ನ ಡಬ್ಬಿಯಲ್ಲಿ ಉಂಡ ಹೊಟ್ಟೆ ಏಳು ಗಂಟೆಗೇ ಖಾಲಿ. ಕಾರ್ಡಿನಲ್ಲಿ ಆರೂವರೆ ಅಂತಿದ್ದರೂ ಸೋದರಮಾವ ಬರುವವರೆಗೆ, ಫೋಟೊದವರ ಲೈಟು ಹತ್ತುವವರೆಗೆ ಕೇಕು ಕತ್ತರಿಸುವುದಿಲ್ಲ. ಒಂಬತ್ತಾಗುತ್ತದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಕೂತ ಹಿರಿಯರಿಗೆ ಕೈ ನಡುಗಲು ಶುರು. ಅವರ ಮುಂದೆ ಕ್ರೀಮ್ ಕೇಕಿನ ತುಂಡು ಇಟ್ಟರೆ ಅದು ಊಟವಾಗುವುದಿಲ್ಲ. ಅದಕ್ಕೇ ನಾನು ಹಟ ಹಿಡಿಯುತ್ತೇನೆ: ಏಳೂವರೆಗೆ ಮೊದಲ ಪಂಕ್ತಿ ಕೂರಲಿ, ಕೇಕು ಆಮೇಲೆ ಯಾವಾಗ ಬೇಕಾದರೂ ಕತ್ತರಿಸಿಕೊಳ್ಳಲಿ.

ಏನು ಬಡಿಸಬೇಕು ಅಂದರೆ, ನಮ್ಮ ಕಡೆ ಉತ್ತರ ಸುಲಭ. ಪಲಾವು, ಮೊಸರು ಬಜ್ಜಿ, ಅನ್ನ, ತಿಳಿಸಾರು, ಮಜ್ಜಿಗೆ. ಇದರ ಜೊತೆ ಮುದ್ದೆ ಇರಲೇಬೇಕು. ಹಾಲ್‌ನಲ್ಲಿ ಮುದ್ದೆ ಚೆನ್ನಾಗಿರಲ್ಲ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ರಾಗಿ ಬೆಳೆಯುವ ಸೀಮೆಯಲ್ಲಿ ಅರವತ್ತು ದಾಟಿದವರಿಗೆ ರಾತ್ರಿ ಮುದ್ದೆ ಸಿಕ್ಕರೆ ಅವರು ನೆಮ್ಮದಿಯಾಗಿ ಉಣ್ಣುತ್ತಾರೆ. ಡಿಸೆಂಬರ್, ಜನವರಿಯಲ್ಲಾದರೆ ಹಿತಕಬೇಳೆ ಸಾರು, ಬೇರೆ ದಿನ ಬಸ್ಸಾರು. ಒಂದು ಕೆ.ಜಿ. ಹಿಟ್ಟಿಗೆ ಸುಮಾರು ಹತ್ತು ಮುದ್ದೆ. ಎಸರು ಕುದಿಸಿ, ಹಿಟ್ಟು ಸುರಿದು, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿ ಕಟ್ಟುವ ಕೆಲಸ ಪಂಕ್ತಿ ಕೂರುವ ಅರ್ಧ ಗಂಟೆ ಮುಂಚೆ ಆಗಬೇಕು. ಬೇಗ ಕಟ್ಟಿಟ್ಟರೆ ಮೇಲೆ ಸಿಪ್ಪೆಗಟ್ಟುತ್ತದೆ.

ಹೊಸಕೋಟೆ ಕಡೆಯ ಆರ್ಡರ್ ಬಂದರೆ ಬಿರಿಯಾನಿಯೇ ಬೇಕು. ಬೆಳಗಿನ ಜಾವಕ್ಕೇ ಎದ್ದು ಬಿರಿಯಾನಿಗೆ ಸಾಲು ನಿಲ್ಲುವ ಊರದು. ಆದರೆ ಸೋಮವಾರ, ಶನಿವಾರ, ಶ್ರಾವಣದಲ್ಲಿ ಮಾಂಸ ಮುಟ್ಟದವರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ ಬೇರೆ ಒಲೆ, ಬೇರೆ ಸೌಟು, ಬೇರೆ ಕಡೆ ಎಲೆ.

ಅಳತೆ ಗೊತ್ತಿದ್ದರೆ ಗಾಬರಿಯಿಲ್ಲ. ಬರೀ ಪಲಾವಾದರೆ ತಲೆಗೆ 100 ಗ್ರಾಂ ಅಕ್ಕಿ, ಮುದ್ದೆಯೂ ಇದ್ದರೆ 70 ಸಾಕು. ಎರಡು ಮಕ್ಕಳನ್ನು ಒಬ್ಬರೆಂದು ಹಿಡಿಯಿರಿ.

ಮಾಡಿದ ಅನ್ನದ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ, ವಾಂತಿಯಾಗುತ್ತದೆ. ಪಾತ್ರೆ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಅಂದರೆ ಮುಚ್ಚಳ ತೆಗೆದಾಗ ಹಬೆ ಏಳಬೇಕು. ಕೇಕಿಗಾಗಿ ಎರಡು ಗಂಟೆ ಕಾಯಿಸಿದ ಪಲಾವು ಯಾರಿಗೂ ಒಳ್ಳೆಯದಲ್ಲ.

ಇನ್ನು ಮಗುವಿನ ಅಪ್ಪ ಅಮ್ಮ. ಬಂದವರನ್ನು ಮಾತಾಡಿಸುತ್ತ, ಫೋಟೊಗೆ ನಿಲ್ಲುತ್ತ ಅವರು ಉಣ್ಣುವುದೇ ಇಲ್ಲ. ಹಾಲು ಕುಡಿಸುವ ತಾಯಿಯಂತೂ ಹಸಿದಿರಬಾರದು. ಮೊದಲ ಪಂಕ್ತಿಯಲ್ಲೇ ಅವಳಿಗೊಂದು ಎಲೆ ಹಾಕಿಸಿ, ಕೂಸನ್ನು ಅತ್ತೆಯ ಕೈಗೆ ಕೊಡಿಸಿ, ಅವಳು ಉಂಡು ಏಳುವವರೆಗೆ ಫೋಟೊದವರನ್ನು ಆ ಕಡೆ ಬಿಡುವುದಿಲ್ಲ.