ಇಟಲಿಯ ‘ಹಳ್ಳಿಯಾಕಿ’ ಮತ್ತು ನಮ್ಮ ಕಾಕಾನ ಜೀಪು

ಅವತ್ತು ಆಫೀಸ್ ವಿಡಿಯೊ ಕಾಲ್ ಮುಗಿಯೋ ಹೊತ್ತಿಗೆ ಇಟಲಿಯ ಟೂರಿನ್‌ನಲ್ಲಿರೋ ಸಹೋದ್ಯೋಗಿ ತನ್ನ ಅಜ್ಜನ ಗಾಡಿಯ ಫೋಟೊ ತೋರಿಸಿದ. ಮಾಸಿದ ಹಸಿರು ಬಣ್ಣ, ಮುಂದಕ್ಕೆ ಮಡಚೋ ಗಾಜು, ಮೇಲೆ ತಾಡಪತ್ರಿಯಂಥ ಹೊದಿಕೆ. ‘ಅರೇ, ಇದು ನಮ್ಮ ಕಾಕಾನ ಜೀಪು!’ ಅಂದುಬಿಟ್ಟೆ. ಆತ ನಕ್ಕ. ಅದು ಜೀಪಲ್ಲವಂತೆ, ಫಿಯೆಟ್ ಕಂಪನ್ಯೋಲಾ ಅಂತೆ. ಹಂಗಂದ್ರೇನು ಅಂತ ಕೇಳಿದರೆ, ‘ಹಳ್ಳಿಯಾಕೆ’ ಅಂದ.

ಅದೇ ಸಂಜೆ ಯಲಬುರ್ಗಾದಿಂದ ಕಾಕಾನ ಫೋನು. ‘ಯವ್ವಾ, ಜೀಪ್ ಗುಜರಿಗೆ ಹಾಕಬೇಕಂತ ಮಾಡೀನಿ. ಒಬ್ಬಾಂವ ಬಂದು ರೇಟೂ ಹೇಳಿ ಹೋಗ್ಯಾನ. ನೀ ಏನಂತಿ?’

ನನಗೆ ಮಾತೇ ಹೊರಡಲಿಲ್ಲ. ಎರಡು ದಿನ ಟೈಮ್ ಕೇಳಿದೆ. ಆ ರಾತ್ರಿ ಕೂತು ಓದಿದ್ದು ಮಾತ್ರ ಇಟಲಿಯ ಹಳ್ಳಿಯಾಕೆಯ ಕಥೆ.

ಹುಚ್ಚಿ ಮತ್ತು ಹಳ್ಳಿಯಾಕಿ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸುಮಾರು 6.4 ಲಕ್ಷ ಜೀಪುಗಳನ್ನು ತಯಾರಿಸಿದ್ದವು. ಯುದ್ಧ ಮುಗಿದ ಮೇಲೆ ಇಟಲಿಯ ಸೈನ್ಯವೂ ಅಲ್ಲೇ ಉಳಿದಿದ್ದ ಜೀಪುಗಳನ್ನೇ ಓಡಿಸುತ್ತಿತ್ತು. ನಮ್ಮದೇ ಒಂದು ಗಾಡಿ ಬೇಕು ಅಂತ ಅಲ್ಲಿನ ಸರ್ಕಾರ ಕೇಳಿದಾಗ ಎರಡು ಕಂಪನಿಗಳು ಸ್ಪರ್ಧೆಗೆ ಇಳಿದವು.

ಒಂದು ಆಲ್ಫಾ ರೋಮಿಯೊ. ಅದರ ಗಾಡಿಗೆ ಹೆಚ್ಚುಕಡಿಮೆ ಕಾರಿನದೇ ನಾಜೂಕು ಇಂಜಿನ್, 65 ಅಶ್ವಶಕ್ತಿ. ಜನ ಪ್ರೀತಿಯಿಂದ ಇಟ್ಟ ಅಡ್ಡಹೆಸರು ‘ಮಾತ್ತಾ’, ಅಂದರೆ ‘ಹುಚ್ಚಿ’. 1952ರ ಮಿಲ್ಲೆ ಮಿಲಿಯಾ ರೇಸಿನಲ್ಲಿ ಸೈನಿಕ ವಾಹನಗಳ ವಿಭಾಗ ಗೆದ್ದದ್ದು ಇದೇ ಹುಚ್ಚಿ.

ಇನ್ನೊಂದು 1951ರಲ್ಲಿ ಬಂದ ಫಿಯೆಟ್ ಕಂಪನ್ಯೋಲಾ. ಶಕ್ತಿ ಕಡಿಮೆ, ರಚನೆ ಸರಳ, ಬೆಲೆಯೂ ಕಡಿಮೆ. ಆಫ್ರಿಕಾದ ಕೇಪ್ ಟೌನ್ ಮತ್ತು ಅಲ್ಜಿಯರ್ಸ್ ನಡುವಿನ ದೂರವನ್ನು 11 ದಿನ ಚಿಲ್ಲರೆಯಲ್ಲಿ ಮುಗಿಸಿ ಇದೂ ದಾಖಲೆ ಮಾಡಿತು.

ಕೊನೆಗೆ ಸೈನ್ಯ ಕೈ ಹಿಡಿದದ್ದು ಹಳ್ಳಿಯಾಕೆಯನ್ನು. ಹುಚ್ಚಿ ಸುಮಾರು 2,000ದ ಲೆಕ್ಕಕ್ಕೆ ನಿಂತುಹೋದಳು. ಹಳ್ಳಿಯಾಕೆ 1973ರವರೆಗೆ ಓಡಿದಳು. 1974ರಲ್ಲಿ ಹೊಸ ರೂಪ ತೊಟ್ಟು 1987ರವರೆಗೆ ಬಾಳಿದಳು. 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರ ಮೇಲೆ ಗುಂಡಿನ ದಾಳಿ ನಡೆದಾಗ ಅವರು ನಿಂತಿದ್ದ ಬಿಳಿ ಗಾಡಿಯೂ ಕಂಪನ್ಯೋಲಾನೇ.

ಎರಿ ಹೊಲಕ್ಕೆ ಬಂದ ಸೈನ್ಯದ ಗಾಡಿ

ಇಟಲಿಯವರು ಜೀಪು ನೋಡಿ ತಮ್ಮದೊಂದು ಮಾಡಿಕೊಂಡರೆ, ನಾವು ಜೀಪನ್ನೇ ಮನೆಗೆ ಕರೆದುಕೊಂಡೆವು. ಸ್ವಾತಂತ್ರ್ಯ ಬಂದ ಹೊಸದರಲ್ಲೇ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸೋಕೆ ಶುರುಮಾಡಿತು. ಮೊದಲು ಸೈನ್ಯ, ಪೊಲೀಸ್, ಸರ್ಕಾರಿ ಇಲಾಖೆ. ಆಮೇಲೆ ಊರ ಗೌಡರ ಅಂಗಳ, ಅಲ್ಲಿಂದ ನಮ್ಮಂಥವರ ಮನೆ. ನಮ್ಮ ಮುತ್ಯಾ 1987ರಲ್ಲಿ ತಂದದ್ದು ಪ್ಯೂಜೊ ಡೀಸೆಲ್ ಇಂಜಿನ್ನಿನ ಎಂಎಂ 540. ಅಲ್ಲಿ ಹಳ್ಳಿಯಾಕೆ ನಿಂತ ವರ್ಷವೇ ಇಲ್ಲಿ ನಮ್ಮಾಕೆ ಬಂದಳು.

ಗಂಗಾವತಿ ಕಡೆ ತುಂಗಭದ್ರಾ ಕಾಲುವೆ, ಭತ್ತದ ಗದ್ದೆ. ಕುಷ್ಟಗಿ, ಯಲಬುರ್ಗಾ ಕಡೆ ಬಹುಪಾಲು ಮಳೆ ನಂಬಿದ ಹೊಲ. ಎರಿ ಮಣ್ಣು ಒಣಗಿದ್ದಾಗ ಬಿರುಕು, ನೆನೆದಾಗ ಅಂಟು. ಚಕ್ಕಡಿ ಗಾಲಿಗೆ ಮಣ್ಣು ಮೆತ್ತಿ ಎತ್ತುಗಳೇ ನಿಂತುಬಿಡುತ್ತವೆ. ಅಂಥಲ್ಲಿ ಜೀಪಿನ ಎರಡು ಸಣ್ಣ ಲಿವರ್‌ಗಳು ಕೆಲಸಕ್ಕೆ ಬರುತ್ತವೆ. ಸಾಮಾನ್ಯವಾಗಿ ಹಿಂದಿನ ಗಾಲಿಗಳಷ್ಟೇ ಗಾಡಿಯನ್ನು ದೂಡುತ್ತವೆ. ಒಂದು ಲಿವರ್ ಹಾಕಿದರೆ ಮುಂದಿನ ಗಾಲಿಗಳೂ ಎಳೆಯುತ್ತವೆ. ಇನ್ನೊಂದು ವೇಗ ಕಡಿಮೆ ಮಾಡಿ ಜಗ್ಗೋ ಶಕ್ತಿ ಹೆಚ್ಚಿಸುತ್ತದೆ.

2009ರ ಪ್ರವಾಹದ ಮಳೆ ಉತ್ತರ ಕರ್ನಾಟಕದವರಿಗೆ ಮರೆಯೋದಲ್ಲ. ಅದೇ ಮಳೆಯಲ್ಲಿ ಹೊಲದ ಮನೆಯೊಳಗೆ ಅವ್ವನಿಗೆ ಹೆರಿಗೆ ನೋವು ಶುರುವಾಯಿತು. ಕರೆಸಿದ್ದ ಬಾಡಿಗೆ ಕಾರು ಡಾಂಬರು ಮುಗಿದಲ್ಲೇ ನಿಂತಿತು. ಕಾಕಾ ಜೀಪು ತೆಗೆದರು. ನಾನು ಹಿಂದೆ ಕೂತು ಅವ್ವನ ಕೈ ಹಿಡಿದಿದ್ದೆ. ಕಾಕಾ ಲಿವರ್ ಎಳೆದ ಆ ‘ಕಟಕ್’ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಕೊಪ್ಪಳದ ಆಸ್ಪತ್ರೆ ಮುಟ್ಟಿದಾಗ ಬೆಳಕು ಹರಿದಿತ್ತು. ಅವತ್ತು ಹುಟ್ಟಿದ ತಮ್ಮ ಈಗ ನನಗಿಂತ ಎತ್ತರ.

ನಡೆಸೋರು ಯಾರು?

‘ವಿಂಟೇಜ್ ಅಂತ ಮಾಡಿಸಿಬಿಡೂಣು’ ಅಂತ ಮೊದಲು ಯೋಚಿಸಿದ್ದೆ. ಆದರೆ 2021ರ ಕೇಂದ್ರದ ನಿಯಮದ ಪ್ರಕಾರ ಅದಕ್ಕೆ 50 ವರ್ಷ ತುಂಬಿರಬೇಕು, ಗಾಡಿ ಮೂಲರೂಪದಲ್ಲೇ ಇರಬೇಕು. ಹಾಗೆ ಮಾಡಿಸಿದರೂ ದಿನಬಳಕೆಗೆ ಓಡಿಸುವಂತಿಲ್ಲ. ಉಳಿದದ್ದು ಒಂದೇ ದಾರಿ: 15 ವರ್ಷ ದಾಟಿದ ಗಾಡಿಯನ್ನು ತಪಾಸಣೆಗೆ ಒಯ್ದು, ಹಸಿರು ತೆರಿಗೆ ಕಟ್ಟಿ, 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸೋದು.

‘ರೊಕ್ಕ ನಾ ಕೊಡ್ತೀನಿ ಕಾಕಾ, ಮಾರಬ್ಯಾಡ್ರಿ’ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿತ್ತು. ‘ರೊಕ್ಕದ ಮಾತಲ್ಲ ಯವ್ವಾ. ನನ್ನ ಮೊಣಕಾಲು ಕ್ಲಚ್ ತುಳಿಯಾಕ ಒಲ್ಲೆ ಅಂತಾವ. ನೀವೆಲ್ಲಾ ಬೆಂಗಳೂರಾಗ. ನಿಂತ ಗಾಡಿಗೆ ತುಕ್ಕು ಹಿಡಿತೈತಿ. ನಡೆಸೋರು ಯಾರು?’

ಅದಕ್ಕೆ ಗೂಗಲ್ ಹತ್ತಿರ ಉತ್ತರ ಇರಲಿಲ್ಲ. ಶನಿವಾರ ರಾತ್ರಿ ಬಸ್ ಹತ್ತಿದೆ.

ಹೊಲದ ದಾರಿಯಲ್ಲಿ ಹಿಂದಿನ ದಿನದ ಮಳೆ ಇನ್ನೂ ಹಸಿಯಾಗಿತ್ತು. ಕಾಕಾ ಪಕ್ಕದ ಸೀಟಿನಲ್ಲಿ, ನಾನು ಸ್ಟೀರಿಂಗ್ ಮುಂದೆ. ಪವರ್ ಸ್ಟೀರಿಂಗ್ ಅಲ್ಲ, ಭುಜ ಬಿದ್ದುಹೋಯಿತು. ಎರಡು ಸಲ ಇಂಜಿನ್ ಆಫ್. ಮೂರನೇ ಸಲ ಗಾಲಿ ನಿಂತಲ್ಲೇ ತಿರುಗಿ ಕೆಸರು ನನ್ನ ಮುಖಕ್ಕೇ ಹಾರಿತು.

‘ಗಾಡಿ ಜೋಡಿ ಜಗಳ ಆಡಬ್ಯಾಡ. ಕ್ಲಚ್ ಒತ್ತು, ಲಿವರ್ ಹಾಕು, ಆಮ್ಯಾಲೆ ಸಾವಕಾಶ ಬಿಡು’ ಅಂದರು.

ಕಟಕ್. ಮುಂದಿನ ಗಾಲಿಗಳು ಮಣ್ಣನ್ನು ಕಚ್ಚಿದವು. ಜೀಪು ಎತ್ತಿನ ಹಾಗೆ ಒಮ್ಮೆ ತಲೆ ಎತ್ತಿ ಮೇಲೆ ಬಂತು.

ಬದುವಿನ ಮೇಲೆ ನಿಂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಾಕಾ ಕಿಸೆಯಿಂದ ಫೋನ್ ತೆಗೆದು ಗುಜರಿಯವನಿಗೆ ಹಚ್ಚಿದರು. ‘ಇಲ್ಲಪಾ, ಕೊಡಂಗಿಲ್ಲ. ನಡೆಸೋರು ಬಂದಾರ.’