ಓಟ, ಮಂಡಿ ಮತ್ತು ಬಸ್ಕಿ

ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಭಾನುವಾರ ಬೆಳಿಗ್ಗೆ ಕನ್ನಡ ಶಾಲೆಯಲ್ಲಿ ಪಾಠ, ಇದು ನನ್ನ ದಿನಚರಿ. ಹೋದ ವರ್ಷ ದೇಹದ ಭಾಗಗಳ ಪಾಠ ನಡೀತಿತ್ತು. ತೊಡೆ, ಮಂಡಿ, ಮೀನಖಂಡ ಅಂತ ತೋರಿಸಿ, ನೆಲದಿಂದ ಏಳೋಕೆ ಹೋದವನು "ಅಮ್ಮಾ" ಅಂದೆ. ಮಕ್ಕಳೆಲ್ಲ ನಕ್ಕರು. ಒಬ್ಬ ಹುಡುಗ ಮಾತ್ರ ನಗದೆ, "ಅಂಕಲ್, ಓಡಿದ್ರೆ ಮಂಡಿ ಹಾಳಾಗುತ್ತಾ?" ಅಂತ ಕೇಳಿದ. ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಈ ಲೇಖನ ಅವನಿಗೆ ಕೊಡಬೇಕಿದ್ದ ಉತ್ತರ. ನಾನು ಡಾಕ್ಟರ್ ಅಲ್ಲ. ನನ್ನ ಅನುಭವ ಮತ್ತು ಕಲಿತದ್ದನ್ನು ಮಾತ್ರ ಹೇಳ್ತೇನೆ.

ನಾನು ಓಡೋಕೆ ಶುರು ಮಾಡಿದ್ದು 41ನೇ ವಯಸ್ಸಿನಲ್ಲಿ, ಇಲ್ಲೇ ಲಾಸ್ ಗಾಟೋಸ್ ಕ್ರೀಕ್ ಟ್ರೇಲ್‌ನಲ್ಲಿ. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ಅಲ್ಲಿಂದ ಬಲ ಮಂಡಿಯ ಮುಂಭಾಗದಲ್ಲಿ, ಚಿಪ್ಪಿನ ಸುತ್ತ ಮಂದವಾದ ನೋವು. ಮೆಟ್ಟಿಲು ಇಳಿಯುವಾಗ, ಉದ್ದದ ಮೀಟಿಂಗ್ ಮುಗಿಸಿ ಏಳುವಾಗ ಜಾಸ್ತಿ. ಒಂದು ವಾರ ಸುಮ್ಮನಿದ್ದರೆ ಹೋಗ್ತಿತ್ತು, ಮತ್ತೆ ಓಡಿದರೆ ಬರ್ತಿತ್ತು. ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಈ ವಯಸ್ಸಲ್ಲಿ ಯಾಕಪ್ಪಾ ಓಟ? ಮಂಡಿ ಸವೆದುಹೋಗತ್ತೆ. ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೋ" ಅಂದರು. ಹಾಕ್ಕೊಂಡೆ. ಹಾಯಾಗಿತ್ತು, ಆದರೆ ನೋವು ಮತ್ತೆ ಬಂತು.

ಮಕ್ಕಳೇ, ಈಗ ನಿಮ್ಮ ಮಂಡಿಯ ಮೇಲೆ ಕೈ ಇಡಿ. ಕಾಲು ಚಾಚಿ ಸಡಿಲ ಬಿಟ್ಟರೆ ದುಂಡಗಿನ ಮೂಳೆಯೊಂದು ಅತ್ತಿತ್ತ ಆಡುತ್ತೆ. ಅದೇ ಮಂಡಿಚಿಪ್ಪು. ಕಾಲು ಮಡಿಸಿ ಚಾಚುವಾಗ ಅದು ತೊಡೆಮೂಳೆಯ ತುದಿಯಲ್ಲಿರುವ ತಗ್ಗಿನಲ್ಲಿ, ಹಳಿಯ ಮೇಲೆ ರೈಲು ಹೋದ ಹಾಗೆ ಜಾರುತ್ತೆ. ತೊಡೆಯ ಮುಂಭಾಗದ ಸ್ನಾಯುಗಳು ಅದನ್ನು ಮೇಲಕ್ಕೆ ಎಳೆಯುತ್ತವೆ. ಸೊಂಟದ ಪಕ್ಕದ ಸ್ನಾಯುಗಳು ತೊಡೆಮೂಳೆ ಒಳಕ್ಕೆ ವಾಲದಂತೆ ಹಿಡಿದಿರುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ಈ ಜಾಗದ ಮೇಲೆ ನಮ್ಮ ತೂಕದ ಹಲವು ಪಟ್ಟು ಒತ್ತಡ ಬೀಳುತ್ತೆ. ಮಂಡಿ ಹೆಚ್ಚು ಮಡಿಸಿದಷ್ಟೂ ಒತ್ತಡ ಹೆಚ್ಚು. ಅದಕ್ಕೇ ಇಳಿಜಾರು, ಮೆಟ್ಟಿಲು ಅಂದರೆ ನೋವು. ಇಂಥ ನೋವಿಗೆ ಓಟಗಾರರು ಇಟ್ಟ ಹೆಸರು 'ರನ್ನರ್ಸ್ ನೀ'. ಬಹಳ ಸಲ ಒಳಗೆ ಏನೂ ಮುರಿದಿರುವುದಿಲ್ಲ, ಹರಿದಿರುವುದಿಲ್ಲ. ಮಂಡಿ ತಡೆಯುವುದಕ್ಕಿಂತ ಹೆಚ್ಚು ಭಾರವನ್ನು ಬೇಗಬೇಗ ಹೇರಿರುತ್ತೇವೆ, ಅಷ್ಟೇ.

ಆಗಾಗ ಬಂದು ಹೋಗುವ ಬಗ್ ಹಿಡಿಯೋಕೆ ನಾವು ಮೊದಲು ಮಾಡುವುದು ಲಾಗ್ ನೋಡುವುದು. ನನ್ನ ಓಟದ ಲೆಕ್ಕ ವಾಚಿನಲ್ಲಿ ಇತ್ತು. ತೆಗೆದು ನೋಡಿದರೆ ಉತ್ತರ ಕಣ್ಣೆದುರೇ ಇತ್ತು: ಮೂರೇ ವಾರದಲ್ಲಿ ವಾರಕ್ಕೆ 18 ಕಿ.ಮೀ. ಇದ್ದದ್ದು 32 ಕಿ.ಮೀ. ಆಗಿತ್ತು. ಅದರ ಮೇಲೆ ಲೆಕ್ಸಿಂಗ್ಟನ್ ಅಣೆಕಟ್ಟಿನ ಕಡಿದಾದ ಏರು ಹತ್ತಿ, ಅದೇ ದಾರಿಯಲ್ಲಿ ಇಳಿಯುವುದು ಬೇರೆ.

ಕೊನೆಗೂ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಆಕೆ ನನ್ನನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿ, ಸ್ವಲ್ಪ ಬಗ್ಗಿಸಿದರು. ನನ್ನ ಮಂಡಿ ನಡುಗುತ್ತಾ ಒಳಕ್ಕೆ ವಾಲಿತು. "ಓಡೋದನ್ನ ಪೂರ್ತಿ ನಿಲ್ಲಿಸಬೇಡಿ, ಕಡಿಮೆ ಮಾಡಿ. ಕಾಲು ಗಟ್ಟಿ ಮಾಡ್ಕೊಳ್ಳಿ" ಅಂದರು. ಅವರು ಕೊಟ್ಟ ಪಟ್ಟಿ ಹೀಗಿದೆ:

1. ಕುರ್ಚಿಯ ತುದಿಗೆ ತಾಗುವಷ್ಟು ಕೂತು ಏಳುವುದು, 10 ಸಲ. ಇದು ನಮ್ಮ ಬಸ್ಕಿಯೇ! ಹೋಂವರ್ಕ್ ಮಾಡದಿದ್ದಕ್ಕೆ ಶಾಲೆಯಲ್ಲಿ ಹೊಡೆದ ಬಸ್ಕಿಗೆ ಈಗ ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡೆ.
2. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು.
3. ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಎತ್ತಿ ಹಿಡಿಯುವುದು.
4. ಒಂದು ಮೆಟ್ಟಿಲನ್ನು ನಿಧಾನವಾಗಿ ಹತ್ತಿ ಇಳಿಯುವುದು.

ವಾರಕ್ಕೆ ಮೂರು ದಿನ, ಕನಿಷ್ಠ ಎರಡು ಮೂರು ತಿಂಗಳು. ಎರಡು ವಾರದಲ್ಲಿ ನಿಲ್ಲಿಸಿದರೆ ಪ್ರಯೋಜನವಿಲ್ಲ.

ಇನ್ನೊಂದು ಉಪಾಯ ಹೆಜ್ಜೆಯದು. ನಾನು ಉದ್ದುದ್ದ ಹೆಜ್ಜೆ ಹಾಕ್ತಿದ್ದೆ, ನಿಮಿಷಕ್ಕೆ 158. ವೇಗ ಅಷ್ಟೇ ಇಟ್ಟುಕೊಂಡು ಹೆಜ್ಜೆ ಚಿಕ್ಕದು ಮಾಡಿ 166ಕ್ಕೆ ತಂದೆ. ಹೆಜ್ಜೆಗಳ ಸಂಖ್ಯೆ ಶೇಕಡಾ 5ರಿಂದ 10ರಷ್ಟು ಹೆಚ್ಚಿಸಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತೆ.

ನೋವಿಗೆ ಅಂಕ ಕೊಡುವುದನ್ನೂ ಕಲಿತೆ. 0 ಅಂದರೆ ನೋವಿಲ್ಲ, 10 ಅಂದರೆ ತಡೆಯಲಾಗದ ನೋವು. ಓಡುವಾಗ 3ರೊಳಗೆ ಇದ್ದು, ಮರುದಿನ ಬೆಳಿಗ್ಗೆ ಮೊದಲಿನಂತಾದರೆ ಮುಂದುವರಿಯಬಹುದು. ಅದಕ್ಕಿಂತ ಹೆಚ್ಚಾದರೆ ಅಥವಾ ಕುಂಟುವಂತಾದರೆ ಅವತ್ತಿಗೆ ಓಟ ಬಂದ್.

ನಾನು ಆ ವರ್ಷ ಹಾಫ್ ಮ್ಯಾರಥಾನ್ ಓಡಲಿಲ್ಲ. ಬೇಜಾರಾಯಿತು. ಆದರೆ ಅದಕ್ಕಿಂತ ದೊಡ್ಡ ಪಾಠ ಮನೆಯಲ್ಲೇ ಕಾದಿತ್ತು. ಸಾಕರ್ ಆಡುವ 12 ವರ್ಷದ ಮಗಳು ಒಂದು ಸಂಜೆ ಕುಂಟುತ್ತಾ ಬಂದಳು. ಕೇಳಿದರೆ, ಒಂದು ತಿಂಗಳಿಂದ ನೋವಂತೆ! "ಯಾಕೆ ಹೇಳಲಿಲ್ಲ ಪುಟ್ಟಾ?" ಅಂದೆ. "ನೀನೂ ಹೇಳ್ತಿರಲಿಲ್ವಲ್ಲ ಅಪ್ಪಾ. ನೋವಿದ್ರೂ ಓಡ್ತಿದ್ದೆ" ಅಂದಳು. ನನ್ನ ಬಾಯಿ ಕಟ್ಟಿತು.

ಡಾಕ್ಟರ್ ನೋಡಿ ಆಸ್‌ಗುಡ್-ಶ್ಲಾಟರ್ ಅಂದರು. ಬೇಗಬೇಗ ಎತ್ತರವಾಗುವ ವಯಸ್ಸಿನಲ್ಲಿ, ಓಡಿ ಜಿಗಿದು ಆಡುವ ಮಕ್ಕಳಿಗೆ ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ನೋವು, ಒಂದು ಗಂಟು ಬರುತ್ತೆ. ಚಿಪ್ಪಿನಿಂದ ಬರುವ ಸ್ನಾಯುರಜ್ಜು, ಕೆಳಗಾಲಿನ ಮೂಳೆಯ ಇನ್ನೂ ಬೆಳೆಯುತ್ತಿರುವ ಜಾಗವನ್ನು ಪದೇ ಪದೇ ಎಳೆಯುವುದೇ ಕಾರಣ. ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ತಾನಾಗೇ ಹೋಗುತ್ತೆ. ಅಲ್ಲಿವರೆಗೂ ಆಟ ಸ್ವಲ್ಪ ಕಡಿಮೆ, ವ್ಯಾಯಾಮ, ನೋವಾದಾಗ ಐಸ್.

ಪೋಷಕರೇ, ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡರೆ, ಇದ್ದಕ್ಕಿದ್ದಂತೆ ಕುಸಿದರೆ, ಕಾಲೂರಲು ಆಗದಿದ್ದರೆ, ಜ್ವರ ಅಥವಾ ರಾತ್ರಿ ಎಬ್ಬಿಸುವ ನೋವಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮಕ್ಕಳು ಕುಂಟುತ್ತಿದ್ದರಂತೂ ತಡ ಮಾಡಲೇಬೇಡಿ. ಸೊಂಟದ ಕೀಲಿನ ತೊಂದರೆ ಕೂಡ ಮಕ್ಕಳಲ್ಲಿ ಮಂಡಿನೋವಾಗಿ ಕಾಣಿಸಬಹುದು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2017ರ ಒಂದು ವಿಶ್ಲೇಷಣೆಯ ಪ್ರಕಾರ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಕಂಡದ್ದು ಶೇಕಡಾ 3.5ರಷ್ಟು ಜನರಲ್ಲಿ, ಓಡದೆ ಕೂತೇ ಇರುವವರಲ್ಲಿ ಶೇಕಡಾ 10ರಷ್ಟು. ಸ್ಪರ್ಧೆಗಾಗಿ ವರ್ಷಗಟ್ಟಲೆ ಓಡುವವರಲ್ಲಿ ಮಾತ್ರ ಶೇಕಡಾ 13ರಷ್ಟು. ಓಟವೇ ಮಂಡಿಯನ್ನು ಕಾಪಾಡಿತು ಅಂತ ಇದರಿಂದ ಹೇಳೋಕಾಗಲ್ಲ. ಆದರೆ ಹಿತವಾಗಿ ಓಡಿದರೆ ಮಂಡಿ ಹಾಳಾಗುತ್ತೆ ಅನ್ನುವ ಭಯ ಬೇಡ. ಇದನ್ನು ಅಮ್ಮನಿಗೂ ಹೇಳಿದೆ. "ಸರಿ, ಆದ್ರೂ ಎಣ್ಣೆ ಹಚ್ಚಿಕೋ" ಅಂದರು.

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಅಪ್ಪ ಮಗಳು ಇಬ್ಬರೂ ಬಸ್ಕಿ ಹೊಡೀತೀವಿ, ಕನ್ನಡದಲ್ಲಿ ಒಂದರಿಂದ ಹತ್ತು ಎಣಿಸಿಕೊಂಡು. ಆಮೇಲೆ ಒಬ್ಬರನ್ನೊಬ್ಬರು ಕೇಳ್ತೀವಿ, "ಇವತ್ತು ಎಷ್ಟು ಅಂಕ?" ಇಬ್ಬರೂ ನಿಜವನ್ನೇ ಹೇಳಬೇಕು. ನೀವೂ ನಿಮ್ಮ ಅಪ್ಪ ಅಮ್ಮನನ್ನು ಕೇಳಿ ನೋಡಿ.